ಸ್ವಿಚ್ಚಿಲ್ಲದ ದೀಪ

ಪುವೆರ್ತೊ ಗಾರ್ಸಾದಲ್ಲಿ ಎವಾರಿಸ್ತೊನ ಬೈಕನ್ನು ಗುರುತಿಸಲು ಯಾರೂ ನಂಬರ್ ಪ್ಲೇಟು ನೋಡುತ್ತಿರಲಿಲ್ಲ. ಅದಕ್ಕೆ ಎರಡು ದೀಪಗಳಿದ್ದವು. ಒಂದು ಕಂಪನಿ ಕೊಟ್ಟದ್ದು. ಇನ್ನೊಂದು ಅದರ ಕೆಳಗೆ, ಮುಂದಿನ ಮಡ್‌ಗಾರ್ಡಿಗೆ ತೂತು ಕೊರೆದು ಕೂರಿಸಿದ ಹಿತ್ತಾಳೆಯ ಹಳೆಯ ದೋಣಿದೀಪ: ದಪ್ಪ ಗಾಜು, ಬಗ್ಗಿದ ಹಿಡಿ, ನೆತ್ತಿಯ ಮೇಲೆ ಹೊಗೆ ಹೋಗಲೆಂದು ಮಾಡಿದ ಪುಟ್ಟ ಗೋಪುರ. ಅದು ಹಗಲಲ್ಲೂ ಉರಿಯುತ್ತಿತ್ತು. ಮಾರುಕಟ್ಟೆಯ ಬಿಸಿಲಿನಲ್ಲಿ ಅದು ಉರಿಯುತ್ತಿರುವುದು ಅವನೊಬ್ಬನಿಗೆ ಮಾತ್ರ ಗೊತ್ತಾಗುತ್ತಿತ್ತು. ಸಂಜೆ ನದಿಯ ಮೇಲಿಂದ ಗಾಳಿ ಬೀಸತೊಡಗಿದಾಗ ಅದಕ್ಕೆ ಮಾಗಿದ ಪಪ್ಪಾಯಿಯ ಬಣ್ಣ ಬರುತ್ತಿತ್ತು, ಆಗ ಊರಿಗೆಲ್ಲ ಗೊತ್ತಾಗುತ್ತಿತ್ತು.

ಚರ್ಚಿನ ಎದುರಿನ ಬಾದಾಮಿ ಮರದಡಿಯಲ್ಲಿ ಬೈಕ್ ಟ್ಯಾಕ್ಸಿಯವರು ನಿಲ್ಲುತ್ತಿದ್ದರು. ಅಲ್ಲಿ ಅವನಿಗೆ ಬಿದ್ದಿದ್ದ ಹೆಸರು ಅಂಬಿಗ.

"ಏ ಅಂಬಿಗ, ದಡ ಬಂತು, ಲಂಗರು ಹಾಕು!"

"ಅಂಬಿಗ, ನಿನ್ನ ಗಾಡೀಲಿ ಈಜು ಬರ್ದೇ ಇರೋರು ಕೂರಬಹುದಾ?"

ಎವಾರಿಸ್ತೊ ನಗುತ್ತಿದ್ದ. ಅವರು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಬೈಕು ಓಡಿಸುತ್ತಿದ್ದುದೂ ದೋಣಿ ನಡೆಸಿದ ಹಾಗೆಯೇ. ಮುಂದೆ ರಸ್ತೆ ಖಾಲಿ ಇದ್ದರೂ ನೇರ ಹೋಗುತ್ತಿರಲಿಲ್ಲ. ಕಾಣದ ಸೆಳವೊಂದನ್ನು ದಾಟುವವನಂತೆ ತುಸು ಓರೆಯಾಗಿ ಹೋಗಿ, ಆಮೇಲೆ ನಿಧಾನಕ್ಕೆ ತಿರುಗಿಸಿಕೊಳ್ಳುತ್ತಿದ್ದ. ಹಿಂದೆ ಕೂತ ಮುದುಕಿಯರಿಗೆ ಅದು ಹಿತವಾಗಿತ್ತು. ಕೆಲವರು ನಿದ್ದೆ ಹೋಗುತ್ತಿದ್ದರು.

ಅವನು ಹುಟ್ಟಿದ್ದು ಮಗ್ದಲೇನಾ ನದಿಯ ದಂಡೆಯಲ್ಲಿ. ನಡೆಯುವುದು ಕಲಿತದ್ದು ದೋಣಿಯೊಳಗೆ. ಹಾಗಾಗಿ ನೆಲ ಅಲುಗಾಡದಿದ್ದರೆ ಅವನ ಕಾಲಿಗೆ ಇಂದಿಗೂ ಅನುಮಾನ. ಅಪ್ಪನ ಕಾಲದಿಂದ ಅವನ ಮನೆಯವರು ಈ ದಡದ ಜನರನ್ನು ಆ ದಡಕ್ಕೆ ಮುಟ್ಟಿಸುತ್ತ ಬಂದವರು. ಆಗ ಸಂಜೆಯಾದರೆ ನದಿಯ ಮೇಲೆ ದೀಪಗಳು ಓಡಾಡುತ್ತಿದ್ದವು. ಪ್ರತಿ ದೋಣಿಯ ಮೂತಿಯಲ್ಲೂ ಒಂದು. ಒಂದು ದೀಪ ಇನ್ನೊಂದನ್ನು ದಾಟುವಾಗ ನೀರಿನಲ್ಲಿ ಎರಡರ ಬಿಂಬವೂ ಕೂಡಿ, ಕ್ಷಣ ಹೊತ್ತು ಒಂದೇ ಆಗಿ, ಮತ್ತೆ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದವು. ಕತ್ತಲಲ್ಲಿ ಮುಖ ಕಾಣದಿದ್ದರೂ ದೀಪದ ಬಣ್ಣದಿಂದಲೇ ಇವನು ಇಂಥವನು ಎಂದು ತಿಳಿಯುತ್ತಿತ್ತು.

ಒಂದು ಡಿಸೆಂಬರಿನ ಬೆಳಗ್ಗೆ, ಮಂಜು ನದಿಯನ್ನೂ ಆಕಾಶವನ್ನೂ ಒಂದೇ ಮಾಡಿದ್ದಾಗ, ಎವಾರಿಸ್ತೊನ ದೋಣಿಯ ಎಂಜಿನ್ನು ನಡುನೀರಿನಲ್ಲಿ ನಿಂತುಹೋಯಿತು. ದೋಣಿಯಲ್ಲಿ ಒಬ್ಬ ಮೇಷ್ಟರಿದ್ದರು, ಕೋಳಿಗಳ ಬುಟ್ಟಿ ಹಿಡಿದ ಹೆಂಗಸಿದ್ದಳು, ಎಳೆಗೂಸನ್ನು ಎದೆಗೆ ಕಟ್ಟಿಕೊಂಡ ತಾಯಿ ಇದ್ದಳು. ಮಂಜಿನೊಳಗಿಂದ ಮೊದಲು ಬಂದದ್ದು ಸದ್ದಲ್ಲ, ನಡುಕ. ಆಮೇಲೆ ಕಂಡದ್ದು ಎಣ್ಣೆ ಸಾಗಿಸುವ ದೊಡ್ಡ ಬಾರ್ಜಿನ ಕಬ್ಬಿಣದ ಎದೆ. ಎವಾರಿಸ್ತೊ ದೋಣಿದೀಪವನ್ನು ಕಿತ್ತು ಎರಡು ಕೈಯಲ್ಲೂ ತಲೆಯ ಮೇಲೆ ಎತ್ತಿ ಹಿಡಿದ. ಬಾರ್ಜಿನವನಿಗೆ ಆ ಚುಕ್ಕೆ ಕಂಡಿತು. ಆ ಕಬ್ಬಿಣದ ಗುಡ್ಡ ತುಸು, ತುಸುವೇ, ತಿರುಗಿತು. ಅದರ ಅಲೆ ದೋಣಿಯನ್ನು ಎತ್ತಿ ದಡದ ಅಂತರಗಂಗೆಯ ಮೇಲೆ ಎಸೆದುಬಿಟ್ಟಿತು. ಕೋಳಿಗಳು ಕೂಡ ಬದುಕಿದವು.

ಅಂತರಗಂಗೆಯ ನಡುವೆ ಸೊಂಟದವರೆಗೆ ಕೆಸರಲ್ಲಿ ನಿಂತು ಅವನು ಕಾರ್ಮೆನ್ ಮಾತೆಗೆ ಹರಕೆ ಹೊತ್ತ. "ತಾಯೀ, ಜನರನ್ನ ಹೊತ್ಕೊಂಡು ಹೋಗೋವಷ್ಟು ಕಾಲ ಈ ದೀಪ ನನ್ನ ಮುಂದೆ ಉರಿಯುತ್ತೆ." ಚಾಲಕರನ್ನೂ ಅಂಬಿಗರನ್ನೂ ಕಾಯುವವಳು ಅವಳೇ. ಊರಿನಲ್ಲಿ ಅವಳಿಗೆ ಕೊಟ್ಟ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ.

ಆಮೇಲೆ ಸೇತುವೆ ಬಂತು. ಉದ್ಘಾಟನೆಯ ದಿನ ಬ್ಯಾಂಡು ಬಾರಿಸಿದರು, ಹುರಿದ ಹಂದಿಮಾಂಸ ಹಂಚಿದರು, ಎವಾರಿಸ್ತೊನೂ ಕುಣಿದ. ನದಿಯ ಮೇಲಿನ ದೀಪಗಳು ಒಂದೊಂದಾಗಿ ಕಾಣೆಯಾದವು. ಯಾರು ಅವನ್ನು ಆರಿಸಿದ್ದೂ ಅವನಿಗೆ ಕಾಣಲಿಲ್ಲ. ಒಂದು ಸಂಜೆ ತಲೆಯೆತ್ತಿ ನೋಡಿದಾಗ ನೀರಿನ ಮೇಲೆ ಇದ್ದದ್ದು ಅವನದೊಂದೇ. ಎದುರಿಗೆ ಬರುವ ದೀಪವಿಲ್ಲದೆ ಅದು ಕೂಡ ದಾರಿ ತಪ್ಪಿದಂತೆ ಕಾಣುತ್ತಿತ್ತು. ಮರುವಾರ ದೋಣಿಯನ್ನು ಹೆಂಡತಿಯ ತಮ್ಮ ಕ್ಲಿಮಾಕೊನಿಗೆ ಮೀನು ಹಿಡಿಯಲು ಕೊಟ್ಟು, ಸ್ವಲ್ಪ ದಿನ ಸುಮ್ಮನೆ ಅಂಗಳದಲ್ಲಿ ಕೂತು, ಕೊನೆಗೆ ಬೈಕು ಕೊಂಡ. ದೋಣಿ ಹೋಯಿತು, ದೀಪ ಉಳಿಯಿತು.

ಬೈಕು ಕೊಂಡ ವರ್ಷವೇ, ಜುಲೈನಲ್ಲಿ, ಮಾತೆಯ ಹಬ್ಬದ ಹಿಂದಿನ ದಿನ ಅವನು ಮೆಕ್ಯಾನಿಕ್ ಅರ್ಗೆಮಿರೊನ ಶೆಡ್ಡಿಗೆ ಹೋದ. ಅರ್ಗೆಮಿರೊ ಎವಾರಿಸ್ತೊನ ಮಗಳಿಗೆ ಜ್ಞಾನಸ್ನಾನದಲ್ಲಿ ತಂದೆಯ ಜಾಗದಲ್ಲಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುವುದು. ಹಬ್ಬದ ದಿನ ಊರಿನ ಗಾಡಿಗಳೆಲ್ಲ ಹೂ, ಬಲೂನು, ಬಣ್ಣದ ದೀಪ ಕಟ್ಟಿಕೊಂಡು ಹಾರನ್ನು ಬಾರಿಸುತ್ತ ಮೆರವಣಿಗೆ ಹೋಗಿ ಪಾದ್ರಿಯಿಂದ ಪವಿತ್ರ ನೀರು ಹಾಕಿಸಿಕೊಳ್ಳುತ್ತವೆ. ಹಾಗಾಗಿ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಸ್ವಿಚ್ಚು ಎಲ್ಲಿಡ್ಲಿ ಕೊಂಪಾದ್ರೆ? ಹ್ಯಾಂಡಲ್ ಹತ್ರಾನಾ?" ಎಂದು ಅರ್ಗೆಮಿರೊ ವೈರು ಕಚ್ಚಿಕೊಂಡೇ ಕೇಳಿದ.

"ಸ್ವಿಚ್ಚು ಬೇಡ."

"ಬೇಡ ಅಂದ್ರೆ? ಆರಿಸೋದು ಹೆಂಗೆ?"

"ಆರಿಸಲ್ಲ."

"ಬ್ಯಾಟರಿ ಸತ್ತೋಗುತ್ತೆ ಮಾರಾಯ."

"ಹರಕೆಗೆ ಸ್ವಿಚ್ಚು ಇರುತ್ತೇನೋ? 'ತಾಯಿ, ನಂಗೆ ನಿದ್ದೆ ಬಂತು, ನಿನ್ನ ಆಫ್ ಮಾಡ್ತೀನಿ, ಬೆಳಿಗ್ಗೆ ಆನ್ ಮಾಡ್ತೀನಿ' ಅಂತ ಹೇಳಕ್ಕಾಗುತ್ತಾ?"

ಅರ್ಗೆಮಿರೊ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಎದುರು ವಾದ ಮಾಡುವುದು ಅವನಿಗೆ ಕ್ಷೇಮ ಅನ್ನಿಸಲಿಲ್ಲ. ದೀಪದೊಳಗೆ ಬತ್ತಿಯ ಜಾಗದಲ್ಲಿ ಪುಟ್ಟ ಬಲ್ಬು ಕೂರಿಸಿ, ಕಂಪನಿಯ ವೈರಿನ ಚರ್ಮ ಸುಲಿದು, ನೇರ ಬ್ಯಾಟರಿಗೆ ಜೋಡಿಸಿದ. ದೀಪ ಹತ್ತಿತು. ಅಂದಿನಿಂದ ಆರಲಿಲ್ಲ.

ಅಂಗಳದ ಗೋಡೆಗೆ ಒರಗಿ ನಿಂತ ಬೈಕು ಇರುಳೆಲ್ಲ ತಾನೊಂದೇ ಎಚ್ಚರವಿರುತ್ತಿತ್ತು. ಪಕ್ಕದ ಮನೆಯವರು ಅದರ ಬೆಳಕಿನಲ್ಲೇ ಬಚ್ಚಲಿಗೆ ಹೋಗಿಬರುತ್ತಿದ್ದರು. ಪತಂಗಗಳು ಗಾಜಿಗೆ ಬಡಿದು ಬಡಿದು ಬೀಳುತ್ತಿದ್ದವು. ಬೆಳಗ್ಗೆ ಅವನ್ನು ಗುಡಿಸುವುದು ಹೆಂಡತಿ ಎದಿಲ್ಸಾಳ ಪಾಲಿನ ಕೆಲಸ.

"ಈ ಮುದುಕನಿಗೆ ಇಬ್ಬರು ಹೆಂಡ್ತೀರು," ಎಂದು ಅವಳು ಪೊರಕೆ ಹಿಡಿದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. "ಒಬ್ಬಳು ಮರಗೆಣಸು ಬೇಯಿಸ್ತಾಳೆ. ಇನ್ನೊಬ್ಬಳು ಅಂಗಳದಲ್ಲಿ ನಿಂತು ಉರೀತಾಳೆ."

ಒಂದು ಬೆಳಗ್ಗೆ ಎವಾರಿಸ್ತೊ ಕಾಫಿಯ ಲೋಟ ಹಿಡಿದು ಹೊರಗೆ ಬಂದಾಗ ಅಂಗಳದಲ್ಲಿ ಏನೋ ಕಡಿಮೆಯಿತ್ತು. ಏನೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗಾಜಿನೊಳಗೆ ಕತ್ತಲಿತ್ತು. ಪತಂಗಗಳೂ ಬಂದಿರಲಿಲ್ಲ.

ಕೀಲಿ ತಿರುಗಿಸಿದ, ಬೈಕು ಉಸಿರೆತ್ತಲಿಲ್ಲ. ಕೆಲವು ವಾರಗಳಿಂದ ಬೆಳಗ್ಗೆ ಅದು ಏಳಲು ಸೋಮಾರಿತನ ಮಾಡುತ್ತಿತ್ತು, ನಿಜ. ಅದಲ್ಲದೆ ಇನ್ನೊಂದು ಕಾಯಿಲೆಯೂ ಇತ್ತು: ಸೇತುವೆಯ ಏರಿನಲ್ಲಿ ಮೂರನೇ ಗೇರು ನಿಲ್ಲುತ್ತಿರಲಿಲ್ಲ, ನರಳಿ ಜಾರಿ ಹೊರಬರುತ್ತಿತ್ತು. ಹಿಂದಿನ ದಿನವಂತೂ ಹಿಂದೆ ಕೂತಿದ್ದ ದಾದಿ ಇಳಿದು ಅರ್ಧ ಸೇತುವೆ ನಡೆದಿದ್ದಳು. ಕಿಕ್ ಹೊಡೆದು ಹೊಡೆದು ಅವನ ಮೊಣಕಾಲು ನೋಯತೊಡಗಿತು.

ವಿಷಯ ಬಾದಾಮಿ ಮರದಡಿಗೆ ಅವನಿಗಿಂತ ಮೊದಲೇ ತಲುಪಿತ್ತು.

"ವಾರಂಟಿ ಇದೆ ತಾನೇ? ಕೆಳಗಿನ ಪಟ್ಟಣದ ಸರ್ವಿಸ್‌ಗೆ ಹಾಕು, ಕಂಪನಿಯೋರೇ ಮಾಡಿಕೊಡ್ತಾರೆ," ಎಂದ ಒಬ್ಬ.

"ಅದೂ ಆ ದೀಪ ಇಟ್ಕೊಂಡಾ?" ಎಂದ ಇನ್ನೊಬ್ಬ. "ಹೊರಗಿನ ಒಂದು ಸ್ಕ್ರೂ ಕಂಡ್ರೂ ಸಾಕು, ವಾರಂಟಿ ಹೋಯ್ತು ಅಂತ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಗೇರ್‌ಬಾಕ್ಸ್ ಕೈಯಿಂದ ದುಡ್ಡು ಹಾಕಿ ಮಾಡಿಸಿದ್ರೆ ಈ ವರ್ಷದ ದುಡಿಮೆ ಅದಕ್ಕೇ ಹೋಗುತ್ತೆ ನೋಡು, ಅಂಬಿಗ."

ಈ ಊರಿನಲ್ಲಿ ಅದಕ್ಕೊಂದು ರೂಢಿ ಇತ್ತು. ಕಂಪನಿಯಿಂದ ಬಂದ ಹಾಗೆಯೇ ಓಡುವ ಬೈಕು ಇಲ್ಲಿ ಒಂದೂ ಇರಲಿಲ್ಲ. ಒಬ್ಬ ಸೈಲೆನ್ಸರ್ ಬದಲಿಸಿದ್ದ, ಒಬ್ಬ ಮೂರು ಜನ ಕೂರುವಷ್ಟು ಸೀಟು ಉದ್ದ ಮಾಡಿಸಿದ್ದ, ಒಬ್ಬ ಗ್ಯಾಸ್ ಸಿಲಿಂಡರು ಹೊರಲು ಕಬ್ಬಿಣದ ಚೌಕಟ್ಟು ಬೆಸೆಸಿದ್ದ. ಬಿಚ್ಚಿದ ಅಸಲಿ ಭಾಗಗಳನ್ನು ಅರ್ಗೆಮಿರೊ ತನ್ನ ಶೆಡ್ಡಿನ ತೊಲೆಗೆ ನೇತುಹಾಕಿ, ಒಂದೊಂದಕ್ಕೂ ಯಜಮಾನನ ಅಡ್ಡಹೆಸರು ಬರೆದಿಡುತ್ತಿದ್ದ. ವಾರಂಟಿಯ ಸರ್ವಿಸಿಗೆ ಹೋಗುವ ಮುನ್ನ ಗಾಡಿ ಅವನಲ್ಲಿಗೆ ಬಂದು, ಹೊಸದೆಲ್ಲ ಕಳಚಿ, ಹಳೆಯದೆಲ್ಲ ತೊಟ್ಟು, ಸಾಧುವಾಗಿ ಹೊರಡುತ್ತಿತ್ತು. ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಪಡೆಯುವ ಮಕ್ಕಳಿಗೆ ಬಿಳಿ ಬಟ್ಟೆ ತೊಡಿಸುವ ಹಾಗೆ, ಅದಕ್ಕೆ ಅವರು ಮೊದಲ ಕಮ್ಯುನಿಯನ್ ಬಟ್ಟೆ ಹಾಕಿಸುವುದು ಎನ್ನುತ್ತಿದ್ದರು.

"ತಲೆ ಕೆಡಿಸ್ಕೋಬೇಡ ಕೊಂಪಾದ್ರೆ," ಎಂದ ಅರ್ಗೆಮಿರೊ. ಅವನ ಮುಖದಲ್ಲಿ ಎಂದಿನ ನಗೆ ಪೂರ್ತಿ ಇರಲಿಲ್ಲ. ವೈರು ಜೋಡಿಸಿದವನು ಅವನೇ ತಾನೆ. "ದೀಪ ಬಿಚ್ತೀನಿ, ತೂತಿಗೆ ರಬ್ಬರ್ ಬಿರಡೆ, ವೈರಿಗೆ ಟೇಪು. ಅವರು ಕೇಳ್ತಾರೆ, 'ಹೊರಗಿನ ಸಾಮಾನು ಏನಾದ್ರೂ ಹಾಕ್ಸಿದ್ದೀರಾ?' ಅಂತ. ನೀನು ಪಾಪದ ಮುಖ ಮಾಡ್ಕೊಂಡು, 'ಇಲ್ಲ ಸ್ವಾಮಿ, ತಾಯಿ ಹೆತ್ತ ಹಾಗೇ ಇದೆ' ಅನ್ಬೇಕು. ಅಷ್ಟೇ."

"ಹರಕೆ?"

"ಹರಕೆ ಜನರನ್ನ ಹೊತ್ಕೊಂಡು ಹೋಗೋವಾಗ ತಾನೇ? ಈಗ ನೀನು ಯಾರನ್ನೂ ಹೊತ್ಕೊಂಡಿಲ್ಲ. ನಿನ್ನ ಗಾಡೀನೇ ಬೇರೆಯೋರು ಹೊತ್ಕೊಂಡು ಹೋಗ್ಬೇಕು."

ಅದರಲ್ಲಿ ತಪ್ಪು ಹುಡುಕಲು ಎವಾರಿಸ್ತೊಗೆ ಆಗಲಿಲ್ಲ. ಆದರೂ ದೀಪ ಬಿಚ್ಚುವಾಗ ಅವನು ಬೇರೆ ಕಡೆ ನೋಡುತ್ತಿದ್ದ. ಅರ್ಗೆಮಿರೊ ಅದನ್ನು ತೊಲೆಗೆ ನೇತುಹಾಕಲು ಕೈಯೆತ್ತಿದಾಗ ಮಾತ್ರ ಎದ್ದು ಬಂದು ಇಸಿದುಕೊಂಡ.

"ಅಲ್ಲಿ ಬೇಡ. ಸೈಲೆನ್ಸರ್‌ಗಳ ಮಧ್ಯೆ ಬೇಡ." ಜೋಳದ ಚೀಲವೊಂದರಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದ. "ಗಾಡಿ ಮೇಲಿಲ್ಲ ತಾನೇ. ನನ್ನ ಹತ್ರ ಇರಲಿ."

ಮರುದಿನ ಕ್ಲಿಮಾಕೊ ಮೀನು ಮಾರಲು ಕೆಳಗಿನ ಪಟ್ಟಣಕ್ಕೆ ಹೋಗುವವನಿದ್ದ. ಬೈಕನ್ನು ಅವನ ದೋಣಿಗೇ ಹಾಕುವುದೆಂದಾಯಿತು. ಹಲಗೆ ಹಾಸಿ, ನಾಲ್ಕಾರು ಜನ ತಳ್ಳಿ, ಮಂಜುಗಡ್ಡೆಯಲ್ಲಿಟ್ಟ ಬೊಕಾಚಿಕೊ ಮೀನಿನ ಪೆಟ್ಟಿಗೆಗಳ ನಡುವೆ ಅದನ್ನು ಮಲಗಿಸಿದರು. ಎದಿಲ್ಸಾ ದಡದಲ್ಲಿ ನಿಂತು ಬಾಳೆಯೆಲೆಯಲ್ಲಿ ಕಟ್ಟಿದ ಬುತ್ತಿ ಕೊಟ್ಟಳು.

"ಸುಳ್ಳು ಹೇಳೋವಾಗ ಕಿವಿ ಮುಟ್ಕೋಬೇಡ," ಎಂದಳು. "ಮದುವೆಗೆ ಮೊದ್ಲಿಂದ ನೋಡಿದ್ದೀನಿ. ಮುಟ್ಕೊಳ್ತೀಯ, ಸಿಕ್ಕಿಹಾಕ್ಕೊಳ್ತೀಯ."

ಮಂಜು ಇಳಿದಿತ್ತು. ದೋಣಿ ದಡ ಬಿಟ್ಟ ಕೂಡಲೇ ಊರು ಕರಗಿತು. ಚರ್ಚಿನ ಗೋಪುರ, ಬಾದಾಮಿ ಮರ, ಎದಿಲ್ಸಾಳ ಕೆಂಪು ಲಂಗ, ಕೊನೆಗೆ ಅವಳು ಕೈ ಬೀಸುತ್ತಿದ್ದುದು. ಸೇತುವೆ ಮೇಲೆಲ್ಲೋ ಇದ್ದಿರಬೇಕು; ಲಾರಿಯೊಂದು ಆಕಾಶದಲ್ಲಿ ಹೋದ ಹಾಗೆ ಸದ್ದಾಯಿತು. ಆಮೇಲೆ ನೀರಿನ ಸದ್ದು ಮಾತ್ರ. ಎವಾರಿಸ್ತೊ ತನ್ನ ಹಳೆಯ ಜಾಗದಲ್ಲಿ, ಮೂತಿಯ ಹಲಗೆಯ ಮೇಲೆ ಕೂತಿದ್ದ. ಅಂಗಾಲಿನ ಕೆಳಗೆ ಮರ ಅಲುಗಿದಾಗ ಎಷ್ಟೋ ಕಾಲದಿಂದ ಬಿಗಿದುಕೊಂಡಿದ್ದ ಒಂದು ನರ ತಾನಾಗಿ ಸಡಿಲಾಯಿತು. ಅಂತರಗಂಗೆಯ ದ್ವೀಪವೊಂದು ನೇರಳೆ ಹೂಗಳನ್ನು ಹೊತ್ತು ಅವರ ಜೊತೆಜೊತೆಗೇ ತೇಲುತ್ತಿತ್ತು. ಅದರ ಮೇಲೆ ಒಂದು ಬೆಳ್ಳಕ್ಕಿ, ಟಿಕೆಟು ಕೊಂಡ ಪ್ರಯಾಣಿಕನಂತೆ ನಿಂತಿತ್ತು. ಎಲ್ಲವೂ ಇದ್ದ ಹಾಗೆಯೇ ಇತ್ತು. ಎದುರಿಗೆ ಬರುವ ದೀಪಗಳಷ್ಟೇ ಇರಲಿಲ್ಲ.

"ಭಾವ," ಎಂದು ಹಿಂದಿನಿಂದ ಕ್ಲಿಮಾಕೊ ಕರೆದ. "ನನ್ನ ಟಾರ್ಚು ಕೈಕೊಡ್ತಾ ಇದೆ. ಆ ಚೀಲದಲ್ಲಿರೋದನ್ನ ಹಚ್ಚಬಾರದಾ?"

"ಇದಕ್ಕೆ ಬ್ಯಾಟರಿ ಬೇಕಲ್ಲ."

"ಅದು ಬ್ಯಾಟರೀಲಿ ಹುಟ್ಟಿದ್ದಾ? ಮೀನಿನ ಪೆಟ್ಟಿಗೆ ಪಕ್ಕ ಮೇಣದ ಬತ್ತಿ ಇದೆ ನೋಡು."

ಎವಾರಿಸ್ತೊ ಬಲ್ಬು ತಿರುಚಿ ತೆಗೆದ. ಮೇಣದ ಬತ್ತಿಯ ತುಂಡನ್ನು ಹಚ್ಚಿ ಒಳಗೆ ನಿಲ್ಲಿಸಿದ. ಹಿತ್ತಾಳೆಯ ಗೋಪುರದಿಂದ ನೂಲಿನಂತೆ ಹೊಗೆ ಎದ್ದಿತು, ಆ ಹೊಗೆಯ ವಾಸನೆಗೆ ಅವನ ಅಪ್ಪ, ದೋಣಿಯ ತುಂಬ ಜನ, ಸಂಜೆಯ ನದಿ ಎಲ್ಲ ಬಂದು ಸುತ್ತ ಕೂತರು. ಮಂಜು ಬೆಳಕಿನಷ್ಟಕ್ಕೆ ದಾರಿ ಬಿಡುತ್ತ, ಹಿಂದೆ ಮುಚ್ಚಿಕೊಳ್ಳುತ್ತ ಹೋಯಿತು. ಒಂದು ಕಡೆ ಬಾರ್ಜು ದೂರದಿಂದ ಕೂಗಿತು. ಕ್ಲಿಮಾಕೊ ದಡದ ಬದಿಗೆ ಸರಿದು ನಿಂತ. ಆ ದೊಡ್ಡ ಕಪ್ಪು ಪಕ್ಕದಲ್ಲಿ ಹಾದು ಹೋಗುವಾಗ, ಅದರ ಮೇಲಿದ್ದ ಯಾರೋ ಮುಖ ಕಾಣದವನು ಟಾರ್ಚನ್ನು ಒಮ್ಮೆ ಮಿನುಗಿಸಿದ. ಎವಾರಿಸ್ತೊ ದೀಪವನ್ನು ತುಸು ಎತ್ತಿ ಇಳಿಸಿದ.

ಪಟ್ಟಣದ ಕಟ್ಟೆ ಬಂತು. ಬಿಸಿಲು ಮೂಡಿತ್ತು. ದೋಣಿಯ ಹೊಟ್ಟೆ ಕಲ್ಲಿಗೆ ತಾಗಿದ ಕೂಡಲೇ ಎವಾರಿಸ್ತೊ ಬಗ್ಗಿ, ಗಾಜಿನ ಬಾಗಿಲು ತೆಗೆದು, ಉಫ್ ಎಂದು ದೀಪ ಆರಿಸಿದ. ಹಗ್ಗ ಹಿಡಿದು ಮೆಟ್ಟಿಲಿಗೆ ಕಾಲಿಟ್ಟ. ಅಲ್ಲೇ ನಿಂತ.

ದೀಪ ಆರಿಸಿದ್ದ. ತನ್ನದೇ ಉಸಿರಿನಿಂದ.

"ಏನಾಯ್ತು ಭಾವ?"

"ನಾನು... ದಡ ಸೇರಿದ ಮೇಲೆ ನಾನು ದಿನಾ ದೀಪ ಆರಿಸ್ತಿದ್ನಾ, ಕ್ಲಿಮಾಕೊ?"

"ಮತ್ತೆ? ಸೀಮೆಎಣ್ಣೆ ಏನು ನದೀಲಿ ಸಿಗ್ತಿತ್ತಾ? ಎಲ್ಲರಿಗಿಂತ ಮೊದ್ಲು ಆರಿಸ್ತಿದ್ದೋನು ನೀನೇ. ಜಿಪುಣ ಅಂತ ಅಕ್ಕ ಬೈತಿದ್ಲು."

ಹೌದು, ಆರಿಸುತ್ತಿದ್ದ. ಹರಕೆ ಹೊತ್ತ ಮೇಲೂ ವರ್ಷಗಟ್ಟಲೆ, ಕೊನೆಯ ಪ್ರಯಾಣಿಕ ಇಳಿದ ಮೇಲೆ, ಹೀಗೆಯೇ ಬಗ್ಗಿ, ಉಫ್ ಎಂದು. ತಾಯಿ ಒಂದು ದಿನವೂ ಬೇಸರಿಸಿರಲಿಲ್ಲ. ದೀಪ ಆರಬಾರದು ಎಂದು ಅವಳು ಕೇಳಿರಲಿಲ್ಲ. ಕೇಳಿದ್ದು ಅವನೇ. ನದಿಯ ಮೇಲೆ ತನ್ನದೊಂದೇ ಉಳಿದ ಆ ಸಂಜೆಯಿಂದ ಅವನಿಗೆ ಅದನ್ನು ಆರಿಸಲು ಕೈ ಬಂದಿರಲಿಲ್ಲ. ಹಾಗೆ ಕೈ ಬಾರದ್ದಕ್ಕೆ ಅವನು ಹರಕೆಯ ಹೆಸರಿಟ್ಟಿದ್ದ.

ಸರ್ವಿಸ್ ಸೆಂಟರಿನ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಕೌಂಟರಿನ ಹಿಂದಿದ್ದವನು ಇಸ್ತ್ರಿ ಮಾಡಿದ ಅಂಗಿಯ, ದಣಿದ ಕಣ್ಣಿನ ಮನುಷ್ಯ. ಬೆಳಗಿನಿಂದ ಒಂದೇ ಪ್ರಶ್ನೆ ಕೇಳಿ ಕೇಳಿ ಅವನ ದನಿ ಸವೆದಿತ್ತು.

"ಹೊರಗಿನ ಸಾಮಾನು ಏನಾದ್ರೂ ಹಾಕ್ಸಿದ್ದೀರಾ?"

ತಾಯಿ ಹೆತ್ತ ಹಾಗೇ ಇದೆ ಎನ್ನಬೇಕಿತ್ತು. ಎವಾರಿಸ್ತೊನ ಕೈ ಕಿವಿಯ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ಅವನು ಅದನ್ನು ಇಳಿಸಿ, ಚೀಲ ಬಿಚ್ಚಿ, ದೀಪವನ್ನು ಕೌಂಟರಿನ ಮೇಲೆ ಇಟ್ಟ. ಮೇಣದ ವಾಸನೆ ಇನ್ನೂ ಹೋಗಿರಲಿಲ್ಲ.

"ಇದು. ನೇರ ಬ್ಯಾಟರಿಗೆ ಕೊಟ್ಟಿದ್ವಿ. ಸ್ವಿಚ್ಚಿಲ್ಲ. ಹಗಲೂ ರಾತ್ರಿ ಉರೀತಿತ್ತು. ನಿನ್ನೆ ಬಿಚ್ಚಿದ್ವಿ, ನಿಮಗೆ ಕಾಣದೆ ಇರಲಿ ಅಂತ."

ಆ ಮನುಷ್ಯ ದೀಪವನ್ನೂ ಅವನನ್ನೂ ನೋಡಿ ತಲೆಯಾಡಿಸಿದ. "ಹಾಗಾದ್ರೆ ವಾರಂಟಿ ಮುಗೀತು ಯಜಮಾನ್ರೇ. ಹೊರಗಿನ ಸಾಮಾನು ಹಾಕಿದ ಗಾಡಿ, ಪೂರ್ತಿ ನಿಮ್ಮದೇ ಖರ್ಚು."

"ಗೇರ್‌ಬಾಕ್ಸೂನಾ?"

"ಎಲ್ಲಾನೂ."

ಎವಾರಿಸ್ತೊ ಹೊಳೆಯುವ ನೆಲದಲ್ಲಿ ತನ್ನ ನೆರಳು ನೋಡಿದ. ಅದು ಅಲುಗಾಡುತ್ತಿರಲಿಲ್ಲ, ಹಾಗಾಗಿ ಅವನಿಗೆ ತಲೆ ಸುತ್ತಿದಂತಾಯಿತು. ಆ ಹೊತ್ತಿಗೆ ಒಳಗಿನಿಂದ ಕೈಯೊರೆಸಿಕೊಳ್ಳುತ್ತ ಒಬ್ಬ ಹೆಂಗಸು ಬಂದಳು. ವರ್ಕ್‌ಶಾಪಿನ ಮುಖ್ಯಸ್ಥೆ, ಯೊಲಿಮಾ ಎಂದು ಅಂಗಿಯ ಮೇಲೆ ಹೊಲಿದಿತ್ತು. ಅವಳು ಮೊದಲು ಎತ್ತಿಕೊಂಡದ್ದು ದೀಪವನ್ನು.

"ಅಯ್ಯೋ, ಎಷ್ಟು ವರ್ಷ ಆಯ್ತು ಇಂಥದ್ದು ನೋಡಿ! ನಮ್ಮ ಅಜ್ಜಿ ಮನೆ ಹಿಂದೆ ಇಂಥವು ಹೋಗ್ತಾ ಇದ್ವು." ಆಮೇಲೆ ಕೌಂಟರಿನವನ ಕಡೆ ತಿರುಗಿದಳು. "ಪೂರ್ತಿ ಹೋಯ್ತು ಅಂತ ಯಾಕ್ರೀ ಹೆದರಿಸ್ತೀರಿ? ಪೂರ್ತಿ ಹೋಗಲ್ಲ."

"ಹೊರಗಿನ ಸಾಮಾನು ಮೇಡಂ."

"ಇರಲಿ. ಈ ದೀಪದಿಂದ ಯಾವುದು ಕೆಟ್ಟಿದೆಯೋ ಅದು ಅವರ ಖರ್ಚು. ದೀಪಕ್ಕೆ ಸಂಬಂಧ ಇಲ್ಲದ್ದು ನಮ್ಮ ಖರ್ಚು. ದೀಪದಿಂದಲೇ ಕೆಟ್ಟಿದ್ದು ಅಂತ ತೋರಿಸೋದು ನಮ್ಮ ಕೆಲಸ, ಅವರದ್ದಲ್ಲ. ಬಿಚ್ಚಿ ನೋಡದೆ ಹೇಗೆ ಹೇಳ್ತೀರಿ?" ಗಾಡಿಯ ಕಾಗದದಲ್ಲಿ ಹೆಸರು ನೋಡಿ ಎವಾರಿಸ್ತೊಗೆ ಹೊರಗೆ ಕೈ ತೋರಿಸಿದಳು. "ದೊನ್ ಎವಾರಿಸ್ತೊ, ಆ ಮಾವಿನ ಮರದ ಕೆಳಗೆ ಕೂತಿರಿ. ಹೊತ್ತಾಗುತ್ತೆ."

ಮಾವಿನ ಮರದಡಿಯಿಂದ ನದಿ ಕಾಣುತ್ತಿತ್ತು. ಎವಾರಿಸ್ತೊ ಬುತ್ತಿ ಬಿಚ್ಚಿದ. ಕರಿದ ಮೀನು, ಒತ್ತಿ ಕರಿದ ಬಾಳೆಕಾಯಿ, ಹುಳಿ ಕೆನೆ. ಒಂದು ತುತ್ತು ತಿಂದು ಮುಚ್ಚಿಟ್ಟ. ನೀರು ಯಾವ ಅವಸರವೂ ಇಲ್ಲದೆ ಅವನ ಊರಿನ ಕಡೆಯಿಂದ ಬರುತ್ತಿತ್ತು. ಬೆಳಗ್ಗೆ ಅವನ ಮನೆಯ ಮುಂದೆ ಇದ್ದ ನೀರು ಈಗ ಇಲ್ಲಿರಬಹುದು ಎಂದುಕೊಂಡ. ಗೇರು ಸರಿಯಾಗದಿದ್ದರೆ ಏನು ಮಾಡುವುದೆಂದು ಯೋಚಿಸಲು ಹೊರಟ ಮನಸ್ಸು ಆ ನೀರಿನ ಮೇಲೆ ಕೂತು ಎಲ್ಲೆಲ್ಲೋ ಹೋಯಿತು. ಕಣ್ಣು ಮುಚ್ಚಿದರೆ ದೀಪಗಳು. ಒಂದು ಇನ್ನೊಂದನ್ನು ದಾಟಿ, ಕೂಡಿ, ಬೇರೆಯಾಗಿ, ದಡ ಸೇರಿ, ಒಂದೊಂದೇ ಆರುತ್ತಿದ್ದವು. ಪ್ರತಿಯೊಂದರ ಹಿಂದೆಯೂ ಯಾರೋ ಬಗ್ಗಿ, ತುಟಿ ಚೂಪು ಮಾಡಿ ಊದುತ್ತಿದ್ದರು. ಊದಿ, ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ಅನ್ನ ಇರುತ್ತಿತ್ತು. ಅದರಲ್ಲಿ ದುಃಖ ಪಡುವಂಥದ್ದು ಏನೂ ಇರಲಿಲ್ಲ.

ಯೊಲಿಮಾ ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಾಗ ಅವನಿಗೆ ಎಚ್ಚರವಾಯಿತು. ಅವಳ ಅಂಗೈಯಲ್ಲಿ ಒಂದು ಪುಟ್ಟ ಹಲ್ಲಿನ ಚಕ್ರವಿತ್ತು, ಎರಡು ಹಲ್ಲು ಮುರಿದದ್ದು.

"ಮೊದಲು ಕೆಟ್ಟ ಸುದ್ದಿ. ಬ್ಯಾಟರಿ ಸತ್ತಿದೆ. ಅದನ್ನ ತುಂಬಿಸಿ ತುಂಬಿಸಿ ಕರೆಂಟು ಹುಟ್ಟಿಸೋ ಕಾಯಿಲ್ ಕೂಡ ಸುಟ್ಟಿದೆ. ಅವೆರಡೂ ನಿಮ್ಮ ದೀಪದ ಕೆಲಸ, ಅದನ್ನ ಕಂಪನಿ ಕೊಡಲ್ಲ. ನಾನು ಜಗಳ ಆಡೋದೂ ಇಲ್ಲ."

"ಬೇಡ ಮಗಳೇ. ಅದು ನಂದೇ."

"ಇದು ನೋಡಿ. ಇದರ ಹಲ್ಲು ಹುಟ್ಟುವಾಗಲೇ ಕಚ್ಚಾ. ದೀಪ ಎಲ್ಲಿ, ಇದು ಎಲ್ಲಿ! ದೀಪ ಇಲ್ಲದಿದ್ರೂ ಇದು ಮುರೀತಿತ್ತು. ಗೇರ್‌ಬಾಕ್ಸ್ ಪೂರ್ತಿ ನಮ್ಮ ಲೆಕ್ಕ."

ಎವಾರಿಸ್ತೊ ಆ ಚಕ್ರವನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದ. "ಮೀನು ತಿನ್ನಮ್ಮ," ಎಂದು ಬುತ್ತಿಯನ್ನು ಅವಳ ಕಡೆ ಸರಿಸಿದ. ಅವಳು ಬಾಳೆಕಾಯಿಯ ಒಂದು ಚೂರು ತೆಗೆದುಕೊಂಡಳು.

"ಆ ಟೇಪು ನಿನ್ನೆ ಸುತ್ತಿದ್ದು ಅಂತ ಮೂಸಿದ್ರೇ ಗೊತ್ತಾಗುತ್ತೆ. ನೀವು 'ಇಲ್ಲ' ಅಂದಿದ್ರೆ, ಗೇರ್‌ಬಾಕ್ಸೂ ನೀವೇ ಬಿಚ್ಚಿ ಕೆಡಿಸಿದ್ದು ಅಂತ ಮ್ಯಾನೇಜರು ಹಿಡ್ಕೊಳ್ತಿದ್ರು. ನಾನು ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ." ಬೆರಳು ನೆಕ್ಕಿದಳು. "ದೀಪ ಮತ್ತೆ ಹಾಕ್ಬೇಕಾ?"

"ಹಾಕ್ಬೇಕು. ಹರಕೆ ಇದೆ."

"ಹಾಕೋಣ. ಆದ್ರೆ ವೈರು ಕುಯ್ಯೋ ಹಾಗಿಲ್ಲ. ನಾನೇ ಫ್ಯೂಸ್ ಕೊಟ್ಟು, ಕೀಲಿ ಮೂಲಕ ತರ್ತೀನಿ, ಗಾಡಿಯ ದಾಖಲೇಲೂ ಬರೆಸ್ತೀನಿ. ಗಾಡಿ ಓಡ್ತಿರೋವಷ್ಟು ಹೊತ್ತು ಉರಿಯುತ್ತೆ. ಕೀಲಿ ತೆಗೆದ್ರೆ ಆರುತ್ತೆ." ಅವನ ಮುಖ ನೋಡಿ ದನಿ ತಗ್ಗಿಸಿದಳು. "ಆರಬಹುದಾ?"

ಎವಾರಿಸ್ತೊ ನದಿಯ ಕಡೆ ನೋಡಿದ.

"ಆರಬಹುದು," ಎಂದ. "ದಡ ಸೇರಿದ ಮೇಲೆ ಆರಬಹುದು."

ಕೆಲವು ದಿನಗಳ ನಂತರ ಬೈಕು ತನ್ನ ಕಾಲ ಮೇಲೆಯೇ ಊರಿಗೆ ಮರಳಿತು. ಸೇತುವೆಯ ಏರಿನಲ್ಲಿ ಮೂರನೇ ಗೇರು ಕಚ್ಚಿ ಹಿಡಿದು ನಿಂತಿತು. ಕೆಳಗೆ ನದಿಯ ಮೇಲೆ ಸಂಜೆಯಾಗುತ್ತಿತ್ತು, ಮುಂದೆ ಪಪ್ಪಾಯಿಯ ಬೆಳಕು ಓರೆಯಾಗಿ ಹೋಗುತ್ತಿತ್ತು. ಬಾದಾಮಿ ಮರದಡಿಯಲ್ಲಿ ಎಲ್ಲರೂ ಎದ್ದು ನಿಂತರು.

"ದೀಪದ ಸಮೇತ ವಾರಂಟೀನಾ!" ಎಂದ ಅರ್ಗೆಮಿರೊ, ಬೈಕು ಅವನ ಶೆಡ್ಡಿಗೆ ಬಂದಾಗ. ಕತೆಯೆಲ್ಲ ಕೇಳಿ ತೊಲೆಯ ಕಡೆ, ಅಲ್ಲಿ ಸಾಲಾಗಿ ನೇತಾಡುತ್ತಿದ್ದ ಅಸಲಿ ಸೈಲೆನ್ಸರುಗಳ ಕಡೆ ನೋಡಿ ನಿಟ್ಟುಸಿರಿಟ್ಟ. "ಇನ್ನು ನನ್ನ ಕಮ್ಯುನಿಯನ್ ಬಟ್ಟೆ ಯಾರು ಬಾಡಿಗೆಗೆ ತಗೊಳ್ತಾರೆ? ಊರನ್ನೇ ಸತ್ಯವಂತರನ್ನಾಗಿ ಮಾಡಿ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೋ ಕೊಂಪಾದ್ರೆ." ಆಮೇಲೆ, ಯಾರಿಗೂ ಕೇಳದಂತೆ ಹೇಳಿದ: "ಬ್ಯಾಟರಿದು ಅರ್ಧ ನಾನು ಕೊಡ್ತೀನಿ. ಜೋಡಿಸಿದ್ದು ನಾನಲ್ವಾ."

"ಆಯ್ತು. ಅರ್ಧ ಹೊಗಳಿಕೆನೂ ನೀನೇ ತಗೋ," ಎಂದು ಎವಾರಿಸ್ತೊ ಅವನ ಬೆನ್ನಿಗೆ ಗುದ್ದಿದ.

ಕೊನೆಯ ಪ್ರಯಾಣಿಕಳಾಗಿ ಆ ದಾದಿಯನ್ನೇ ಆಚೆ ದಡದ ಅವಳ ಮನೆಗೆ ಬಿಟ್ಟು ಬಂದಾಗ ಎದಿಲ್ಸಾ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅವನು ಬೈಕನ್ನು ಗೋಡೆಗೆ ಒರಗಿಸಿದ. ದೀಪ ಉರಿಯುತ್ತಿತ್ತು. ಆಗಲೇ ಒಂದು ಪತಂಗ ಬಂದಿತ್ತು. ಅವನ ಕೈ ಕೀಲಿಯ ಮೇಲೆ ನಿಂತಿತು, ತಿರುಗಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅವನು ಗಾಜಿನ ಮುಂದೆ ಬಗ್ಗಿದ. ತುಟಿ ತಾನಾಗಿ ಚೂಪಾಯಿತು. ಉಫ್ ಎಂದು ಊದಿದ. ಊದುತ್ತಲೇ ಕೀಲಿ ತಿರುಗಿಸಿದ.

ದೀಪ ಆರಿತು. ಪತಂಗ ಗಾಜಿನ ಸುತ್ತ ಒಂದು ಸುತ್ತು ಹಾಕಿ ನದಿಯ ಕಡೆಗೆ ಹೋಯಿತು.

"ಬಲ್ಬನ್ನ ಊದಿ ಆರಿಸ್ತಾನೆ ಈ ಮುದುಕ!" ಎಂದು ಎದಿಲ್ಸಾ ಹೆಗಲ ಮೇಲಿನ ಬಟ್ಟೆಯೆಲ್ಲ ಜಾರುವ ಹಾಗೆ ನಕ್ಕಳು. "ಬಾ ಒಳಗೆ. ಗೆಣಸು ಬೆಂದಿದೆ."

ಕತ್ತಲ ಅಂಗಳವನ್ನು ಅವನು ಕೈಚಾಚಿಕೊಂಡು, ತುಸು ಓರೆಯಾಗಿ ದಾಟಿದ.